ಸ್ಥಳೀಯ ಸಂಸ್ಥೆಗಳ ದಾಖಲೆಗಳು: ವ್ಯಾಪಾರಸ್ಥರು ಅರಿಯಬೇಕಾದ ಸಂಗತಿಗಳು

ವಾಣಿಜ್ಯ ಮಳಿಗೆಗಳ ಹರಾಜು, ಉದ್ಯಮ ಪರವಾನಗಿ, ಆಸ್ತಿ ತೆರಿಗೆ, ಕಾಮಗಾರಿಗಳ ಟೆಂಡರು ಇವೆಲ್ಲವೂ ವ್ಯಾಪಾರಸ್ಥರ ಮತ್ತು ಸಣ್ಣ ಉದ್ದಿಮೆದಾರರ ಲಾಭನಷ್ಟಕ್ಕೆ ನೇರವಾಗಿ ಸಂಬಂಧಿಸಿದ ವಿಷಯಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ತಮ್ಮದೇ ಜಾಲತಾಣಗಳನ್ನು ಹೊಂದಿವೆ. ಆದರೆ ಜಾಲತಾಣವಿದ್ದ ಮಾತ್ರಕ್ಕೆ ದಾಖಲೆ ಕೈಗೆ ಬಂದಂತಾಗದು. ಅದರಲ್ಲಿ ಏನು ಇರಬೇಕೆಂಬುದನ್ನು ನಾವು ಅರಿತಿರಬೇಕು.

ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿ

2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಬಿ) ಪ್ರಕರಣವು 17 ಬಗೆಯ ಮಾಹಿತಿಯನ್ನು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತಾನಾಗಿಯೇ ಪ್ರಕಟಿಸಿ, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ವಿಧಿಸುತ್ತದೆ. ಆಯವ್ಯಯ ಹಾಗೂ ವೆಚ್ಚದ ವಿವರ, ನೀಡಿದ ರಿಯಾಯಿತಿ ಮತ್ತು ಪರವಾನಗಿಗಳನ್ನು ಪಡೆದವರ ವಿವರ, ಮಾಹಿತಿ ಅಧಿಕಾರಿಯ ಹೆಸರು ಇವುಗಳಲ್ಲಿ ಸೇರಿವೆ. ಜನರು ಅರ್ಜಿ ಹಾಕುವ ಪ್ರಮೇಯವೇ ಆದಷ್ಟು ಕಡಿಮೆಯಾಗಬೇಕೆಂಬುದು ಕಾನೂನಿನ ಆಶಯ. ಹೀಗೆ ಪ್ರಕಟಿಸುವ ಮಾಧ್ಯಮಗಳಲ್ಲಿ ಅಂತರ್ಜಾಲವನ್ನೂ ಅದು ಹೆಸರಿಸಿದೆ.

ಟೆಂಡರುಗಳಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ಪ್ರಕಟಣೆ ಮರೆಯಾದರೆ ಸ್ಪರ್ಧೆ ಕುಗ್ಗುತ್ತದೆ. ಅದರ ನಷ್ಟ ತೆರಿಗೆದಾರನಿಗೂ ಅವಕಾಶ ತಪ್ಪಿದ ಸಣ್ಣ ಪೂರೈಕೆದಾರನಿಗೂ ತಟ್ಟುತ್ತದೆ.

ಆಸ್ತಿಯ ದಾಖಲೆ

2024ರ ಅಕ್ಟೋಬರಿನಿಂದ ನಗರ ಪ್ರದೇಶದ ಸ್ಥಿರಾಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಇಂಡಿಯ ನಿಂಬೆ ವ್ಯಾಪಾರಿಯೊಬ್ಬರು ಪಟ್ಟಣದಲ್ಲಿರುವ ತಮ್ಮ ಗೋದಾಮನ್ನು ಮಾರಲು ಹೊರಟಾಗ, ಖಾತೆಯಲ್ಲಿನ ಹೆಸರು ಅಥವಾ ಅಳತೆ ಕ್ರಯಪತ್ರಕ್ಕೆ ಹೊಂದದಿದ್ದರೆ ವ್ಯವಹಾರವೇ ನಿಂತುಹೋದೀತು. ಆದ್ದರಿಂದ ಅಗತ್ಯ ಬೀಳುವ ಮೊದಲೇ ದಾಖಲೆಯನ್ನು ಪರಿಶೀಲಿಸಿ, ತಪ್ಪಿದ್ದಲ್ಲಿ ತಿದ್ದುಪಡಿಗೆ ಅರ್ಜಿ ಸಲ್ಲಿಸುವುದು ಲೇಸು.

ಮಾಹಿತಿ ಇಲ್ಲದಿದ್ದಲ್ಲಿ

ಜಾಲತಾಣದಲ್ಲಿ ದೊರೆಯದ ಮಾಹಿತಿಗಾಗಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಕಾರಣ ತಿಳಿಸಬೇಕಾಗಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿಗೂ, ಅನಂತರ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿಗೂ ಅವಕಾಶವಿದೆ.

"ಮಳಿಗೆಗಳ ಬಗ್ಗೆ ಎಲ್ಲ ಮಾಹಿತಿ ಕೊಡಿ" ಎಂದು ಬರೆದರೆ ಪ್ರಯೋಜನವಾಗದು. ಯಾವ ವರ್ಷದ ಹರಾಜು, ಯಾವ ಸಂಕೀರ್ಣ, ಯಾವ ಕಡತ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು.

ವ್ಯಾಪಾರದ ಗುಟ್ಟಿಗೆ ರಕ್ಷಣೆ

ಪಾರದರ್ಶಕತೆಯಿಂದ ತಮ್ಮ ವ್ಯವಹಾರದ ಗುಟ್ಟೂ ಬಯಲಾದೀತೆಂಬ ಆತಂಕ ಕೆಲವರಿಗಿದೆ. ವ್ಯಾಪಾರ ರಹಸ್ಯಗಳಿಗೆ ಅಧಿನಿಯಮದ 8ನೆಯ ಪ್ರಕರಣವು ವಿನಾಯಿತಿ ನೀಡಿದೆ. ವ್ಯಾಪಕ ಸಾರ್ವಜನಿಕ ಹಿತವಿದ್ದರೆ ಮಾತ್ರ ಅವುಗಳನ್ನು ಹೊರಗೆಡಹಬಹುದು. ಗೌಪ್ಯವೆಂದು ತಾವು ಕೊಟ್ಟ ಮಾಹಿತಿಯನ್ನು ಇತರರಿಗೆ ನೀಡಲು ಅಧಿಕಾರಿ ಉದ್ದೇಶಿಸಿದಲ್ಲಿ, ಮೊದಲು ತಮಗೆ ನೋಟಿಸು ಕೊಡಬೇಕು. ಆಕ್ಷೇಪಣೆಗೆ 10 ದಿನಗಳ ಕಾಲಾವಕಾಶವಿರುತ್ತದೆ.

ನಾಲ್ಕೂ ತಾಲ್ಲೂಕುಗಳ ವ್ಯಾಪಾರಸ್ಥರು ತಮ್ಮ ಊರಿನ ಜಾಲತಾಣವನ್ನು ತಿಂಗಳಿಗೊಮ್ಮೆಯಾದರೂ ವೀಕ್ಷಿಸಿ, ಹಳೆಯದಾದ ಅಥವಾ ಬಿಟ್ಟುಹೋದ ವಿವರಗಳನ್ನು ಮುಖ್ಯಾಧಿಕಾರಿಗಳಿಗೆ ಅಥವಾ ಪೌರಾಯುಕ್ತರಿಗೆ ಲಿಖಿತವಾಗಿ ತಿಳಿಸುವುದು ಒಳಿತು. ನೋಡುವವರಿದ್ದಾರೆಂದು ತಿಳಿದಾಗಲೇ ದಾಖಲೆಗಳು ಸಕಾಲಕ್ಕೆ ಪರಿಷ್ಕೃತವಾಗುತ್ತವೆ.