ಲೇಸರ್ ಪದಗಳು: ಫ್ರೆಂಚಿನಿಂದ ಇಂಗ್ಲಿಷಿಗೆ

ಲೇಸರ್ ವಿಜ್ಞಾನಕ್ಕೆ ಫ್ರಾನ್ಸಿನ ಕೊಡುಗೆ ದೊಡ್ಡದು. ಬೆಳಕಿನ ನೆರವಿನಿಂದ ಪರಮಾಣುಗಳನ್ನು ಬೇಕಾದ ಶಕ್ತಿಮಟ್ಟದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಸೇರಿಸುವ ವಿಧಾನವನ್ನು ಆಲ್ಫ್ರೆಡ್ ಕಾಸ್ಟ್ಲರ್ 1950ರಲ್ಲಿ ಸೂಚಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಫ್ರೆಂಚಿನ 'ಪೊಂಪಾಜ್ ಒಪ್ತೀಕ್' ಇಂಗ್ಲಿಷಿನಲ್ಲಿ 'ಆಪ್ಟಿಕಲ್ ಪಂಪಿಂಗ್' ಆಯಿತು. ಇಲ್ಲಿ ಪದಕ್ಕೆ ಪದ ಇಟ್ಟರೂ ಅರ್ಥ ಕೆಡಲಿಲ್ಲ. ಎಲ್ಲ ಪದಗಳೂ ಇಷ್ಟು ಸುಲಭವಲ್ಲ.

'ಆ್ಯಂಪುಲ್ಸಿಯೋಂ' ಎಂಬ ಪದವನ್ನು ಗಮನಿಸಿ. ನೋಡಲು ಅದು ಇಂಗ್ಲಿಷಿನ 'ಇಂಪಲ್ಸ್'ನಂತಿದೆ. ಆದರೆ ಲೇಸರ್ ಪ್ರಬಂಧಗಳಲ್ಲಿ ಅದರ ಅರ್ಥ 'ಪಲ್ಸ್', ಅಂದರೆ ಬೆಳಕಿನ ಸ್ಪಂದ. ಕ್ವಾಂಟಮ್ ಬಲವಿಜ್ಞಾನದಲ್ಲಿ ಅದೇ ಪದ ಸಂವೇಗವನ್ನು ಸೂಚಿಸುತ್ತದೆ. ಯಾವ ಅರ್ಥ ಹೊಂದುತ್ತದೆ ಎಂಬುದನ್ನು ಏಕಮಾನವೇ ತಿಳಿಸುತ್ತದೆ. ಜೊತೆಯಲ್ಲಿ ನ್ಯಾನೊಸೆಕೆಂಡ್ ಇದ್ದರೆ ಸ್ಪಂದ. ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್ ಇದ್ದರೆ ಸಂವೇಗ.

'ಲೇಸರ್ ದೇಕ್ಲಾಂಶೇ' ಇನ್ನೊಂದು ತೊಡಕಿನ ಪದ. ಅದನ್ನು 'ಟ್ರಿಗರ್ಡ್ ಲೇಸರ್' ಎಂದು ಅನುವಾದಿಸಿದರೆ, ಹೊರಗಿನ ಸಂಕೇತದಿಂದ ಚಾಲೂ ಆಗುವ ಯಾವುದೋ ಲೇಸರ್ ಎಂದಷ್ಟೇ ತಿಳಿಯುತ್ತದೆ. ಸರಿಯಾದ ಇಂಗ್ಲಿಷ್ ಪದ 'ಕ್ಯು-ಸ್ವಿಚ್ಡ್ ಲೇಸರ್'. ಇದರಲ್ಲಿ ಅನುರಣಕದ ನಷ್ಟವನ್ನು ಮೊದಲು ಹೆಚ್ಚಾಗಿಟ್ಟು ಶಕ್ತಿಯನ್ನು ಕೂಡಿಡುತ್ತಾರೆ; ಅನಂತರ ನಷ್ಟವನ್ನು ಥಟ್ಟನೆ ತಗ್ಗಿಸಿ ಅದನ್ನು ಒಮ್ಮೆಗೇ ಹೊರಬಿಡುತ್ತಾರೆ. 100 ಮಿಲಿಜೂಲ್ ಶಕ್ತಿ 100 ಮೈಕ್ರೊಸೆಕೆಂಡಿನಲ್ಲಿ ಹೊರಬಂದರೆ ಸರಾಸರಿ ಸಾಮರ್ಥ್ಯ 1 ಕಿಲೋವಾಟ್. ಅದೇ ಶಕ್ತಿ 10 ನ್ಯಾನೊಸೆಕೆಂಡಿನಲ್ಲಿ ಬಂದರೆ 10 ಮೆಗಾವಾಟ್, ಅಂದರೆ ಹತ್ತು ಸಾವಿರ ಪಟ್ಟು! ಕಣ್ಣಿನ ರಕ್ಷಣೆಯ ಸೂಚನೆಗಳನ್ನು ಅನುವಾದಿಸುವಾಗ ಈ ಅಂತರ ಮರೆಯುವಂತಿಲ್ಲ.

1985ರಲ್ಲಿ ಡೊನ್ನಾ ಸ್ಟ್ರಿಕ್‌ಲೆಂಡ್ ಮತ್ತು ಫ್ರಾನ್ಸಿನ ಜೆರಾರ್ ಮೂರೂ ಅಮೆರಿಕದಲ್ಲಿ ಪ್ರಕಟಿಸಿದ ವಿಧಾನಕ್ಕೆ 2018ರಲ್ಲಿ ನೊಬೆಲ್ ಬಂದಿತು. ಸ್ಪಂದವನ್ನು ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವುದು ಇದರ ತಿರುಳು. ಹಿಗ್ಗಿದ ಸ್ಪಂದದ ಆವೃತ್ತಿ ಮೊದಲಿನಿಂದ ಕೊನೆಯವರೆಗೆ ಬದಲಾಗುತ್ತ ಹೋಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಹಕ್ಕಿಯ ಚಿಲಿಪಿಲಿಯಿಂದ ಬಂದ 'ಚರ್ಪ್' ಎಂಬ ಹೆಸರಿದೆ. ಫ್ರೆಂಚಿನಲ್ಲಿ 'ದೇರೀವ್ ದ ಫ್ರೇಕಾಂಸ್' ಎನ್ನುತ್ತಾರೆ. ಇದನ್ನು 'ಫ್ರೀಕ್ವೆನ್ಸಿ ಡ್ರಿಫ್ಟ್' ಎಂದರೆ ಅರ್ಥ ತಲೆಕೆಳಗಾಗುತ್ತದೆ. ಏಕೆಂದರೆ ಆ ಪದ, ಉಷ್ಣತೆ ಮುಂತಾದ ಕಾರಣಗಳಿಂದ ಲೇಸರಿನ ಆವೃತ್ತಿ ನಿಧಾನವಾಗಿ ಸರಿಯುವ ದೋಷಕ್ಕೆ ಮೀಸಲಾಗಿದೆ. ಬೇಕೆಂದೇ ಮಾಡಿದ ಏರ್ಪಾಡು ಓದುಗರಿಗೆ ಉಪಕರಣದ ದೋಷವಾಗಿ ಕಾಣುತ್ತದೆ.

ಪದಗಳಷ್ಟೇ ಅಲ್ಲ, ಅಂಕಿಗಳಲ್ಲೂ ಎಚ್ಚರ ಬೇಕು. ಫ್ರೆಂಚರು ದಶಮಾಂಶಕ್ಕೆ ಬಿಂದುವಿನ ಬದಲು ಅಲ್ಪವಿರಾಮ ಬಳಸುತ್ತಾರೆ. ನಿಯೋಡೈಮಿಯಮ್-ಯಾಗ್ ಲೇಸರಿನ ತರಂಗದೂರವನ್ನು ಅವರು '1,064 ಮೈಕ್ರೊಮೀಟರ್' ಎಂದು ಬರೆದರೆ ಅದು 1.064 ಮೈಕ್ರೊಮೀಟರ್, ಅಂದರೆ 1064 ನ್ಯಾನೊಮೀಟರ್. ಅಲ್ಪವಿರಾಮವನ್ನು ಹಾಗೆಯೇ ಉಳಿಸಿದರೆ ಇಂಗ್ಲಿಷ್ ಓದುಗರಿಗೆ ಅದು ಒಂದು ಮಿಲಿಮೀಟರಿಗೂ ಹೆಚ್ಚಾಗಿಬಿಡುತ್ತದೆ!

ಆದ್ದರಿಂದ ಅನುವಾದಿಸಬೇಕಾದುದು ಪದವನ್ನಲ್ಲ, ಪರಿಕಲ್ಪನೆಯನ್ನು. ನಿಘಂಟು ತೆರೆಯುವ ಮೊದಲು ಪರಿಮಾಣ ಯಾವುದು, ಅದರ ಏಕಮಾನವೇನು ಎಂದು ಕೇಳಿಕೊಳ್ಳಬೇಕು. 'ಎನರ್ಜಿ' ಮತ್ತು 'ಪವರ್' ಎರಡನ್ನೂ ಆಡುಮಾತಿನಲ್ಲಿ ಶಕ್ತಿ ಎಂದೇ ಕರೆಯುವ ವಿದ್ಯಾರ್ಥಿಗಳಿಗೆ ಜೂಲ್ ಮತ್ತು ವಾಟ್‌ಗಳ ವ್ಯತ್ಯಾಸ ತೋರಿಸಿ, ಒಂದು ಶಕ್ತಿ, ಇನ್ನೊಂದು ಸಾಮರ್ಥ್ಯ ಎಂದು ವಿವರಿಸುವ ಅಧ್ಯಾಪಕರು ಮಾಡುವುದೂ ಇದೇ ಕೆಲಸವನ್ನು.