ಸಾಕುನಾಯಿಗೊಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ನಾಯಿಯು ಮನೆ ಕಾಯುವುದಲ್ಲದೆ, ಸಾಕಿದವರೊಡನೆ ಗದ್ದೆಗೂ ಕಬ್ಬಿನ ತೋಟಕ್ಕೂ ಹೋಗುತ್ತದೆ. ಕಬ್ಬಿನ ಕೂಳೆ ಚುಚ್ಚಿ ಪಾದ ಸೀಳುವುದು, ಹಾವು ಕಚ್ಚುವುದು, ಇಲಿಪಾಷಾಣ ಅಥವಾ ಕೀಟನಾಶಕ ಹೊಟ್ಟೆ ಸೇರುವುದು, ವಾಹನ ಬಡಿಯುವುದು ಸಾಮಾನ್ಯ ಅಪಾಯಗಳು. ಪಶುವೈದ್ಯರು ದೊರೆಯುವವರೆಗಿನ ಅವಧಿಯಲ್ಲಿ ಈ ಪೆಟ್ಟಿಗೆಯು ನೆರವಾಗುತ್ತದೆ. ನೋವಿನಲ್ಲಿರುವ ನಾಯಿಯು ಸಾಕಿದವರನ್ನೂ ಕಚ್ಚಬಹುದಾದುದರಿಂದ, ಇದು ಮನುಷ್ಯರ ಸುರಕ್ಷತೆಯ ವಿಷಯವೂ ಆಗಿದೆ.

ಪೆಟ್ಟಿಗೆಯಲ್ಲಿ ಇರಬೇಕಾದ ವಸ್ತುಗಳು

1. ಕೈಗವಸು, ದಪ್ಪ ಟವೆಲ್ ಮತ್ತು ಮೂತಿ ಕಟ್ಟಲು ಸುಮಾರು 1 ಮೀಟರ್ ಉದ್ದದ ಬಟ್ಟೆಯ ಪಟ್ಟಿ.
2. ಗಾಜ್ ಬಟ್ಟೆ, ಹತ್ತಿ, ರೋಲರ್ ಬ್ಯಾಂಡೇಜ್, ಅಂಟುಪಟ್ಟಿ.
3. ಗಾಯ ತೊಳೆಯಲು ಸಲೈನ್, ಪೋವಿಡೋನ್ ಅಯೋಡಿನ್ ದ್ರಾವಣ, ಸೋಪು.
4. ಮೊಂಡುತುದಿಯ ಕತ್ತರಿ, ಚಿಮಟ, ಟಾರ್ಚ್.
5. ಥರ್ಮಾಮೀಟರ್. ನಾಯಿಯ ಸಹಜ ದೇಹೋಷ್ಣತೆ ಸುಮಾರು 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್.
6. ಲಸಿಕೆ ದಾಖಲೆಯ ಪ್ರತಿ ಮತ್ತು ಪಶುವೈದ್ಯರ ದೂರವಾಣಿ ಸಂಖ್ಯೆ.

ಮನುಷ್ಯರ ನೋವಿನ ಮಾತ್ರೆಗಳನ್ನು ಈ ಪೆಟ್ಟಿಗೆಯಲ್ಲಿ ಇಡತಕ್ಕದ್ದಲ್ಲ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೇನ್ ನಾಯಿಗೆ ವಿಷಕಾರಿಯಾಗಬಲ್ಲವು.

ಬಳಸುವ ಕ್ರಮ

ರಕ್ತಸ್ರಾವವಿದ್ದಲ್ಲಿ ಗಾಜ್ ಬಟ್ಟೆಯನ್ನಿಟ್ಟು, ನಡುವೆ ತೆಗೆದು ನೋಡದೆ, ಐದು ನಿಮಿಷ ಒತ್ತಿ ಹಿಡಿಯಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಹಗ್ಗ ಬಿಗಿಯುವುದು ಸಲ್ಲದು; ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ವಿಷ ತಿಂದಿದ್ದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸದೆ, ವಿಷದ ಪೊಟ್ಟಣದೊಡನೆ ಪಶುವೈದ್ಯರ ಬಳಿಗೆ ಒಯ್ಯಬೇಕು. ವಾಂತಿ ಮಾಡುತ್ತಿರುವ, ಉಸಿರಾಟಕ್ಕೆ ಕಷ್ಟಪಡುತ್ತಿರುವ ಅಥವಾ ಪ್ರಜ್ಞೆ ತಪ್ಪಿದ ನಾಯಿಯ ಮೂತಿಯನ್ನು ಕಟ್ಟಬಾರದು.

ಕಾರಣವಿಲ್ಲದೆ ಮೇಲೆರಗುವ, ಜೊಲ್ಲು ಸುರಿಸುತ್ತ ನುಂಗಲಾರದಿರುವ ನಾಯಿಗೆ ರೇಬೀಸ್ ತಗುಲಿರುವ ಸಂಭವವಿದೆ. ಅಂತಹ ನಾಯಿಗೆ ಪ್ರಥಮ ಚಿಕಿತ್ಸೆ ನೀಡಲು ಹೋಗದೆ, ದೂರವಿದ್ದು ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಅತಿ ವಿರಳ. ಸಕಾಲದ ಲಸಿಕೆಯೇ ಜೀವರಕ್ಷಕ.

ಸದಸ್ಯರ ಪಾತ್ರ

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸಾಕುನಾಯಿಗೆ ಲಸಿಕೆ ಹಾಕಿಸುವುದು ಮಾಲೀಕರ ಹೊಣೆ. ಬೀದಿನಾಯಿಗಳ ಲಸಿಕೆ ಮತ್ತು ಸಂತಾನಹರಣವು ಸ್ಥಳೀಯ ಸಂಸ್ಥೆಯ ಹೊಣೆ. ಸದಸ್ಯರು ತಮ್ಮ ವಾರ್ಡಿನ ನಾಯಿ ಸಾಕಿರುವ ಮನೆಗಳಲ್ಲಿ ಲಸಿಕೆಯ ಬಗ್ಗೆ ವಿಚಾರಿಸುವುದು, ಗ್ರಾಮಸಭೆಯಲ್ಲಿ ಈ ಪೆಟ್ಟಿಗೆಯನ್ನು ಪರಿಚಯಿಸುವುದು ಹಾಗೂ ಪಶು ಚಿಕಿತ್ಸೆಯ ಸಹಾಯವಾಣಿ 1962 ಅನ್ನು ಪಂಚಾಯಿತಿ ಕಚೇರಿ ಮತ್ತು ಹಾಲಿನ ಡೇರಿಯ ಫಲಕಗಳಲ್ಲಿ ಬರೆಯಿಸುವುದು ಸೂಕ್ತ. ಪೆಟ್ಟಿಗೆಯಲ್ಲಿನ ಔಷಧಗಳ ಅವಧಿಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸತಕ್ಕದ್ದು.