ಗಾಳಿಯೂರು ಎಸ್ಸವೀರಾ

ಮೊರಾಕೊ ಎಂದೊಡನೆ ನಮ್ಮ ಕಣ್ಣಮುಂದೆ ಸುಳಿಯುವುದು ಮರಳುಗಾಡು, ಒಂಟೆಗಳ ಸಾಲು, ಸುಡುಬಿಸಿಲು. ಜುಲೈ ತಿಂಗಳಲ್ಲಿ ಮರಾಕೆಶ್ ನಗರದಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಈ ಚಿತ್ರ ಸುಳ್ಳೆನಿಸುವುದಿಲ್ಲ. ಆದರೆ ಅಲ್ಲಿಂದ ಪಶ್ಚಿಮಕ್ಕೆ ಮೂರು ಗಂಟೆಗಳ ಬಸ್ಸಿನ ಪ್ರಯಾಣ ಮಾಡಿ ಎಸ್ಸವೀರಾದಲ್ಲಿ ಇಳಿದವರು ಮೊದಲು ಮಾಡುವ ಕೆಲಸವೆಂದರೆ, ಪೆಟ್ಟಿಗೆಯಿಂದ ಉಣ್ಣೆಯ ಅಂಗಿಯನ್ನು ಹುಡುಕಿ ತೆಗೆಯುವುದು!

ಒಳನಾಡು ಕಾದಷ್ಟೂ ಅಟ್ಲಾಂಟಿಕ್ ಸಾಗರದ ಮೇಲಿನಿಂದ ವಾಣಿಜ್ಯ ಮಾರುತವು ಇಲ್ಲಿಗೆ ನುಗ್ಗಿ ಬರುತ್ತದೆ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅದರದೇ ಆಳ್ವಿಕೆ. ಆಳದ ತಣ್ಣೀರು ಮೇಲಕ್ಕೆ ಬರುವುದರಿಂದ ಬೇಸಗೆಯಲ್ಲೂ ಕಡಲು 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮರಳಿನಲ್ಲಿ ಮಲಗಿ ಬಿಸಿಲು ಕಾಯಿಸಬೇಕೆಂದು ಬಂದ ಕುಟುಂಬಗಳಿಗೆ ನಿರಾಶೆಯೇ ಸರಿ; ಮರಳು ಕಣ್ಣಿಗೂ ಬೀಳುತ್ತದೆ, ಬುತ್ತಿಗೂ ಬೀಳುತ್ತದೆ. ಹಾಯಿಹಲಗೆಯವರಿಗಾದರೋ ಇದೇ ಸ್ವರ್ಗ.

ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಜಾರುವ ಈ ಕ್ರೀಡೆಯನ್ನು ದಡದಿಂದ ನೋಡಿದರೆ ಮಕ್ಕಳಾಟವೆನಿಸುತ್ತದೆ. ಅರ್ಧಚಂದ್ರಾಕಾರದ ಕೊಲ್ಲಿ, ಎದುರಿಗಿರುವ ಮೊಗದೋರ್ ದ್ವೀಪವು ದೊಡ್ಡ ಅಲೆಗಳನ್ನು ತಡೆಯುತ್ತದೆ. ಈ ಧೈರ್ಯದಿಂದಲೇ ನಾನು ರಬ್ಬರಿನ ಉಡುಪು ತೊಟ್ಟು ನೀರಿಗಿಳಿದೆ. ಬಿದ್ದುದನ್ನು ಎಣಿಸುವುದು ಬೇಡ. ಕೊನೆಗೊಮ್ಮೆ ಹಾಯಿ ಗಾಳಿ ಹಿಡಿಯಿತು. ಹಲಗೆ ಬಾಣದಂತೆ ಹೊರಟಿತು. ಹೋಗುವುದು ಸುಲಭ, ತಿರುಗಿಸುವುದೇ ವಿದ್ಯೆ ಎಂಬುದು ಆಗ ಹೊಳೆಯಿತು. ದಡದಲ್ಲಿ ಮಗಳ ಕೆಂಪು ಕೊಡೆ ಚುಕ್ಕೆಯಾಯಿತು. ಹಾಯಿಯನ್ನು ಕೈಬಿಟ್ಟು ಹಲಗೆಯನ್ನು ತಬ್ಬಿ ಮಲಗಿದೆ. ತರಬೇತುದಾರನ ದೋಣಿ ಬರುವವರೆಗಿನ ಹತ್ತು ನಿಮಿಷಗಳಲ್ಲಿ ನನಗೆ ಮನೆದೇವರ ನೆನಪು ತಪ್ಪದೆ ಆಯಿತು. ದಡ ಸೇರಿದಾಗ ನನ್ನಾಕೆ ಒಂದು ಮಾತನ್ನೂ ಆಡದೆ ಟವೆಲು ಕೊಟ್ಟಳು. ಹಲಗೆಯನ್ನು ಬಿಟ್ಟು ಈಜಲು ಹೊರಡಬಾರದೆಂಬ ಮೊದಲ ಪಾಠವನ್ನು ಮರೆಯದಿದ್ದುದು ನನ್ನ ಪುಣ್ಯ. ಗಾಳಿಪಟ ಕಟ್ಟಿಕೊಂಡು ಹಾರುವವರ ಸಾಹಸವನ್ನು ನಾನು ದೂರದಿಂದಲೇ ನೋಡಿ ತೃಪ್ತನಾದೆ.

ಮರುದಿನ ಕೋಟೆಯ ಗೋಡೆಯ ಮೇಲೆ ನಡೆದೆವು. 1760ರ ದಶಕದಲ್ಲಿ ಸುಲ್ತಾನ ಸಿದಿ ಮೊಹಮ್ಮದ್ ಬಿನ್ ಅಬ್ದಲ್ಲಾ ಈ ರೇವುಪಟ್ಟಣವನ್ನು ಕಟ್ಟಿಸಿದನು. ನಕ್ಷೆಯಲ್ಲಿ ಫ್ರೆಂಚ್ ಶಿಲ್ಪಿ ಕೊರ್ನ್ಯೂವಿನ ಕೈವಾಡವಿದ್ದುದರಿಂದಲೇ, ಮೊರಾಕೊದ ಇತರ ಹಳೆಯ ಊರುಗಳಲ್ಲಿ ದಾರಿ ತಪ್ಪುವ ಪ್ರವಾಸಿಗೆ ಇಲ್ಲಿ ನೇರ ಬೀದಿಗಳು ಸಿಗುತ್ತವೆ. ಸಹಾರಾ ದಾಟಿ ಬಂದ ಸರಕು ಇಲ್ಲಿಂದ ಯುರೋಪಿಗೆ ಹೋಗುತ್ತಿತ್ತು. 1844ರಲ್ಲಿ ಫ್ರೆಂಚ್ ನೌಕಾಪಡೆ ಊರಿನ ಮೇಲೆ ಗುಂಡಿನ ಮಳೆಗರೆಯಿತು. ಯುರೋಪಿನಲ್ಲಿ ಎರಕ ಹೊಯ್ದ ಕಂಚಿನ ಫಿರಂಗಿಗಳು ಇಂದಿಗೂ ಕಡಲಿಗೆ ಮುಖಮಾಡಿ ನಿಂತಿವೆ. ಮಕ್ಕಳು ಅವುಗಳ ಮೇಲೆ ಸವಾರಿ ಮಾಡುತ್ತಾರೆ. 2001ರಲ್ಲಿ ಯುನೆಸ್ಕೊ ಸಂಸ್ಥೆ ಈ ಹಳೆಯ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆರ್ಸನ್ ವೆಲ್ಸ್ ತನ್ನ 'ಒಥೆಲೊ' ಚಿತ್ರದ ಬಹುಭಾಗವನ್ನು ತೆಗೆದುದು ಇಲ್ಲಿಯೇ. ವೇಷಭೂಷಣಗಳು ಸಕಾಲಕ್ಕೆ ಬಾರದೆ ಹೋದಾಗ, ಕೊಲೆಯ ದೃಶ್ಯವೊಂದನ್ನು ಆತ ಸ್ನಾನಗೃಹಕ್ಕೆ ಬದಲಾಯಿಸಿ ನಟರಿಗೆ ಟವೆಲು ಸುತ್ತಿಸಿಬಿಟ್ಟನಂತೆ! ಆ ಚಿತ್ರಕ್ಕೆ 1952ರಲ್ಲಿ ಕಾನ್ ಉತ್ಸವದ ಉನ್ನತ ಬಹುಮಾನ ಬಂದಿತು.

ಸಂಜೆ ನೀಲಿ ದೋಣಿಗಳು ರೇವಿಗೆ ಮರಳುತ್ತವೆ. ಕೆಂಡದ ಮೇಲೆ ಸಾರ್ಡೀನ್ ಮೀನು ಸುಡುವ ವಾಸನೆ ಹರಡುತ್ತದೆ. ನಮ್ಮಂತಹ ಸಸ್ಯಾಹಾರಿಗಳಿಗೆ ಬಾದಾಮಿ, ಜೇನು, ಅರ್ಗಾನ್ ಎಣ್ಣೆ ಸೇರಿಸಿ ಅರೆದ 'ಅಮ್ಲೂ' ಇದೆ. ಅದನ್ನು ಬಿಸಿ ರೊಟ್ಟಿಗೆ ಹಚ್ಚಿ ನನ್ನ ಕೈಗಿಡುತ್ತ ಮಗಳು ಕೇಳಿದಳು: "ಅಪ್ಪಾ, ನಾಳೆ ನಾನು ಹಲಗೆ ಹತ್ತಲೇ?" ತಾಯಿಯತ್ತ ನೋಡಿದೆ. ಆಕೆ ಕಡಲನ್ನು ನೋಡುತ್ತಿದ್ದಳು.